ಹತ್ತಿಸೋವರೆಗೂ ನಮ್ಮವರೇ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾಜಿನ ಗೋಡೆಯಾಚೆ ಮಂಜು ಎಷ್ಟು ದಟ್ಟವಾಗಿದೆ ಎಂದರೆ, ಪಕ್ಕದಲ್ಲೇ ನಿಂತ ವಿಮಾನದ ಬಾಲವೂ ಕಾಣುತ್ತಿಲ್ಲ. ರಜೆ ಮುಗಿಸಿ ಮನೆಗೆ ಹೊರಟವರಿಂದ ನಿಲ್ದಾಣ ಕಿಕ್ಕಿರಿದಿದೆ. ಬಿಸಿಲಿಗೆ ಮೂಗು ಸುಲಿದ ಮಕ್ಕಳು ಚೀಲಗಳ ಮೇಲೆಯೇ ನಿದ್ದೆ ಹೋಗಿದ್ದಾರೆ. ಫಲಕದಲ್ಲಿ ಒಂದರ ಕೆಳಗೊಂದು ‘ತಡ’ ಎಂದೇ ಮೂಡುತ್ತಿದೆ. ಈ ಗದ್ದಲದ ನಡುವೆ ನೀಲಿ ಕೋಟಿನ ಹೆಂಗಸೊಬ್ಬರು ಬಗ್ಗಿ ಗಾಲಿಕುರ್ಚಿಯ ಚಕ್ರ ಒರೆಸುತ್ತಾರೆ, ಬ್ರೇಕ್ ಒತ್ತಿ ನೋಡುತ್ತಾರೆ. ಪಾದ ಇಡುವ ಹಲಗೆಯನ್ನು ಅಲುಗಿಸಿ, ಸಮಾಧಾನವಾಗದೆ ಇನ್ನೊಮ್ಮೆ ಅಲುಗಿಸುತ್ತಾರೆ. ಜೊತೆಯವರು ಇವರನ್ನು ಕರೆಯುವುದು ‘ಗಾಲಿಯಕ್ಕ’ ಎಂದು.

ನಡೆಯಲಾಗದ ಪ್ರಯಾಣಿಕರನ್ನು ಬಾಗಿಲಿನಿಂದ ವಿಮಾನದವರೆಗೆ ತಳ್ಳಿಕೊಂಡು ಹೋಗುವುದು ಇವರ ಕೆಲಸ. ಸುಮ್ಮನೆ ತಳ್ಳುವುದೇ ಅಲ್ಲವೇ ಎಂದರೆ ನಗುತ್ತಾರೆ. “ವಿಮಾನ ತಡ ಆದ್ರೆ ನೀವು ಎದ್ದು ಕಾಲಾಡಿಸಿಕೊಂಡು ಬರ್ತೀರಿ. ಕುರ್ಚಿಯಲ್ಲಿ ಕೂತವರು ಎಲ್ಲಿಗೆ ಹೋಗ್ತಾರೆ? ನಾವು ಬಿಟ್ಟ ಕಡೆನೇ. ಗೋಡೆ ಕಡೆ ಮುಖ ಮಾಡಿ ಬಿಟ್ರೆ ದಿನವಿಡೀ ಗೋಡೆನೇ. ನಾನು ಮಾತ್ರ ಜನ ಓಡಾಡೋ ಕಡೆಗೇ ತಿರುಗಿಸಿ ನಿಲ್ಲಿಸ್ತೀನಿ.”

ಈ ವಿದ್ಯೆ ಕಲಿತದ್ದು ಮನೆಯಲ್ಲೇ. ಅತ್ತೆಗೆ ಲಕ್ವ ಹೊಡೆದ ಮೇಲೆ ವರ್ಷಗಟ್ಟಲೆ ಅವರನ್ನು ನೋಡಿಕೊಂಡವರು ಇವರು. “ಎತ್ತೋದು, ಮಗ್ಗುಲು ತಿರುಗಿಸೋದು, ಕೂರಿಸೋದು ಎಲ್ಲಾ ಅತ್ತೆನೇ ಕಲಿಸಿದ್ದು. ಕೈ ಬರದಿದ್ರೂ ಬಾಯಿ ಚೆನ್ನಾಗಿತ್ತಲ್ಲ, ಬೈದು ಬೈದು ಕಲಿಸಿದ್ರು.” ಅತ್ತೆ ತೀರಿಕೊಂಡಾಗ ಕೈಗೆ ಕೆಲಸವಿಲ್ಲದೆ ಮನೆ ಬಿಕೋ ಎನ್ನುತ್ತಿತ್ತಂತೆ. ಬಸ್ ಓಡಿಸುವ ಗಂಡ ಈ ಕೆಲಸದ ಸುದ್ದಿ ತಂದರು. ಈಗ ಸಂಜೆ ಹೊತ್ತಿಗೆ ಮೊಣಕಾಲು ಊದಿಕೊಳ್ಳುತ್ತದೆ. ಬೈಗುಳವೂ ತಪ್ಪಿದ್ದಲ್ಲ. “ಈ ಕೋಟು ಕಂಡ್ರೆ ಸಾಕು, ವಿಮಾನ ನನ್ನ ಜೇಬಲ್ಲೇ ಬಚ್ಚಿಟ್ಟುಕೊಂಡಿದೀನಿ ಅನ್ನೋ ಹಾಗೆ ಜಗಳಕ್ಕೆ ಬರ್ತಾರೆ.”

ಇಂದು ಅವರ ಕುರ್ಚಿಯಲ್ಲಿರುವುದು ಮಗನ ಜೊತೆ ಪ್ರವಾಸ ಮುಗಿಸಿ ಹೊರಟ ಅಜ್ಜಿಯೊಬ್ಬರು. ನಾನೂ ಅದೇ ವಿಮಾನಕ್ಕೆ ಕಾಯುತ್ತಿದ್ದೇನೆ. ಮಧ್ಯಾಹ್ನವಾದರೂ ಕರೆ ಬಂದಿಲ್ಲ. ಮಗ ಕೌಂಟರಿನ ಮುಂದೆ ವಾದಕ್ಕೆ ನಿಂತಿದ್ದಾನೆ. ಬೇರೆಯವರನ್ನು ಬಿಟ್ಟು ಬರುವ ದಾರಿಯಲ್ಲೆಲ್ಲ ಗಾಲಿಯಕ್ಕ ಅಜ್ಜಿಯನ್ನು ಮಾತಾಡಿಸಿ ಹೋಗುತ್ತಾರೆ. ಒಮ್ಮೆ ಥಟ್ಟನೆ ನಿಲ್ಲುತ್ತಾರೆ. ಅಜ್ಜಿಯ ತುಟಿ ಒಣಗಿದೆ, ಮಡಿಲಲ್ಲಿರುವ ನೀರಿನ ಬಾಟಲಿ ತುಂಬಿದಂತೆಯೇ ಇದೆ.

“ಯಾಕಮ್ಮಾ, ನೀರು ಹಾಗೇ ಇದೆಯಲ್ಲಾ?”

“ಬಾಯಾರಿಲ್ಲ ಕಣಮ್ಮ.”

ಗಾಲಿಯಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸುತ್ತಾರೆ. “ಬಾತ್‌ರೂಮಿನ ಯೋಚನೆನಾ?”

ಅಜ್ಜಿ ಕೌಂಟರಿನತ್ತ ನೋಡುತ್ತಾರೆ. “ಮಗನ ಹತ್ರ ಹೇಗೆ ಹೇಳ್ಲಿ ತಾಯಿ? ಅವನ ತಲೆ ಮೊದಲೇ ಬಿಸಿಯಾಗಿದೆ.”

ಗಾಲಿಯಕ್ಕ ಕುರ್ಚಿ ತಿರುಗಿಸಿಕೊಂಡು ಬಾತ್‌ರೂಮಿನತ್ತ ಹೊರಡುತ್ತಾರೆ. ಹಿಂತಿರುಗಿ ಬರುವಾಗ ಅಜ್ಜಿ ಗಟಗಟ ನೀರು ಕುಡಿಯುತ್ತಿದ್ದಾರೆ. ಅಷ್ಟರಲ್ಲಿ ತಾಯಿ ಕಾಣದೆ ಗಾಬರಿಬಿದ್ದ ಮಗ ಎದುರಾಗುತ್ತಾನೆ.

“ಯಾರನ್ನ ಕೇಳಿ ಕರ್ಕೊಂಡು ಹೋದ್ರಿ? ಆಗಲೇ ವಿಮಾನಕ್ಕೆ ಕರೆದಿದ್ರೆ ಏನ್ರೀ ಗತಿ? ಜವಾಬ್ದಾರಿ ಇಲ್ವಾ?”

ಸುತ್ತಲಿನವರೆಲ್ಲ ತಿರುಗಿ ನೋಡುತ್ತಾರೆ. ನಿಜ ಸಂಗತಿ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಗಾಲಿಯಕ್ಕ ಹೇಳುವುದಿಲ್ಲ. “ತಪ್ಪಾಯ್ತು ಸಾರ್, ನಿಮಗೆ ತಿಳಿಸಿ ಹೋಗ್ಬೇಕಿತ್ತು” ಎಂದಷ್ಟೇ ಅಂದು ಕುರ್ಚಿಗೆ ಬ್ರೇಕ್ ಹಾಕುತ್ತಾರೆ.

ತಡೆಯಲಾಗದೆ ಅಜ್ಜಿಯೇ ಬಾಯಿ ಬಿಡುತ್ತಾರೆ. “ಅವಳನ್ನ ಬೈಬೇಡ ಕಣೋ. ನಾನು ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ನಿನಗೆ ಹೇಳೋಕೆ ನಾಚಿಕೆಯಾಯ್ತು.”

ಮಗನ ಮುಖ ಸಪ್ಪಗಾಗುತ್ತದೆ. ಕೌಂಟರಿನ ಕಡೆ ಮತ್ತೆ ಹೋಗದೆ ತಾಯಿಯ ಪಕ್ಕ ನೆಲದ ಮೇಲೇ ಕೂತು, ಅವರ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೀವತೊಡಗುತ್ತಾನೆ.

ಪಾಳಿ ಮುಗಿಯುತ್ತದೆ. ಮುಂದಿನ ಪಾಳಿಗೆ ಬಂದ ಹೊಸಬಳಿಗೆ ಕುರ್ಚಿ ಒಪ್ಪಿಸಿ ಹೊರಡು ಎಂದು ಮೇಲ್ವಿಚಾರಕರು ಹೇಳಿದರೆ ಗಾಲಿಯಕ್ಕ ಒಪ್ಪುವುದಿಲ್ಲ. “ಕೂರಿಸಿದವಳು ನಾನು ಸಾರ್. ಹತ್ತಿಸೋವರೆಗೂ ನಮ್ಮವರೇ.” ಸಂಜೆ ಮಂಜು ಕರಗಿ ಬಿಸಿಲು ಕಾಣುವ ಹೊತ್ತಿಗೆ ಕೊನೆಗೂ ಕರೆ ಬರುತ್ತದೆ. ಎಲ್ಲರಿಗಿಂತ ಮೊದಲು ಅಜ್ಜಿಯ ಕುರ್ಚಿ ಹೊರಡುತ್ತದೆ. ಒಂದು ಹಿಡಿಕೆ ಗಾಲಿಯಕ್ಕನ ಕೈಯಲ್ಲಿ, ಇನ್ನೊಂದು ಮಗನ ಕೈಯಲ್ಲಿ. “ಅಕ್ಕಾ, ಬೇಜಾರು ಮಾಡ್ಕೋಬೇಡಿ” ಎಂದು ಅವನು ಅನ್ನುವುದು ಕೇಳಿಸುತ್ತದೆ.

ಖಾಲಿ ಕುರ್ಚಿಯೊಂದಿಗೆ ಮರಳಿದವರನ್ನು ಸಾಲಿನಲ್ಲಿ ನಿಂತೇ ಕೇಳುತ್ತೇನೆ: ಆಗಲೇ ಯಾಕೆ ನಿಜ ಹೇಳಲಿಲ್ಲ?

“ಇಷ್ಟು ಜನರ ಮುಂದೆ ಆ ವಯಸ್ಸಿನವರ ಮರ್ಯಾದೆ ಯಾಕೆ ತೆಗೀಬೇಕು? ನನ್ನ ಮೇಲಿನ ಸಿಟ್ಟು ಆ ಕ್ಷಣಕ್ಕೇ ಇಳಿದುಹೋಗುತ್ತೆ.” ಕೋಟಿನ ಗುಂಡಿ ಬಿಚ್ಚುತ್ತಾ ಏನೋ ನೆನಪಾಗಿ ನಗುತ್ತಾರೆ. “ಮೊನ್ನೆ ಸ್ಕೂಲಲ್ಲಿ ನನ್ನ ಮಗಳನ್ನ ಟೀಚರ್ ಕೇಳಿದ್ರಂತೆ, ನಿಮ್ಮಮ್ಮ ಏನು ಕೆಲಸ ಮಾಡ್ತಾರೆ ಅಂತ. ಇವಳು ಎದ್ದು ನಿಂತು, ನಮ್ಮಮ್ಮ ಬರೋವರೆಗೂ ವಿಮಾನ ಹೊರಡಲ್ಲ ಮಿಸ್ ಅಂದಳಂತೆ. ಮನೇಲಿ ಬಂದು ಹೇಳಿದಾಗ ತಿದ್ದೋಣ ಅಂತ ಬಾಯಿ ತೆಗೆದೆ. ಆಮೇಲೆ, ಇರಲಿ ಬಿಡು, ಸುಳ್ಳೇನಲ್ಲವಲ್ಲ ಅಂತ ಸುಮ್ಮನಾದೆ.”