ಐವತ್ತು ಕೊಡ ಸಿಹಿನೀರು

ನವಲಗುಂದ ತಾಲೂಕಿನ ಆ ಊರಿಗೆ ನಾನು ಕನ್ನಡ ಶಾಲೆಯ ಮಾಸ್ತರನಾಗಿ ಬಂದದ್ದು ೧೯೮೮ರ ಜೂನ್ ತಿಂಗಳಲ್ಲಿ. ಬಂದ ದಿನವೇ ಸಂಜೆ ಹೊಸ ಕೊಡವೊಂದನ್ನು ಹಿಡಿದು ಕೆರೆಗೆ ಹೋದೆ. ಆ ಸೀಮೆಯ ನೆಲದೊಳಗಿನ ನೀರೆಲ್ಲ ಸವಳು. ಬಾಯಿಗಿಟ್ಟರೆ ಉಪ್ಪು, ಅದರಲ್ಲಿ ಬೇಳೆ ಸಹ ಬೇಯುವುದಿಲ್ಲ. ಕುಡಿಯಲು ಕೆರೆಯೊಂದೇ ಗತಿ. ಆದ್ದರಿಂದ ಕೆರೆಯ ನೀರಿಗೆ ಊರವರು ದೇವರಿಗೆ ಕೊಡುವ ಮರ್ಯಾದೆ ಕೊಡುತ್ತಿದ್ದರು. ಚಪ್ಪಲಿ ಬಿಟ್ಟು ಇಳಿಯಬೇಕು, ಅದರಲ್ಲಿ ಮುಖ ತೊಳೆಯಬಾರದು, ಬಟ್ಟೆ ಒಗೆಯಬಾರದು. ಮೆಟ್ಟಿಲುಗಳಿಂದ ಹತ್ತು ಮಾರು ಈಚೆಗೆ, ಎರಡು ಖಾಲಿ ಕೊಡಗಳ ನಡುವೆ ಒಬ್ಬ ತರುಣ ಕುಳಿತಿದ್ದ.

“ಹೊಸ ಮಾಸ್ತರೇನ್ರಿ? ನನ್ನ ಕೊಡಕ್ಕೂ ಒಂದೀಟು ನೀರು ಹಾಕ್ರಿ ಮತ್ತ,” ಎಂದ.

“ನೀನ ಇಳಿದು ತುಂಬಿಕೊಳ್ಳಪಾ.”

“ನಾ ಇಳಿದ್ರ ಊರು ಕುಡಿಯೂದಿಲ್ರಿ,” ಎಂದು ನಕ್ಕ. ಆಗ ಅವನಿಗೆ ಇಪ್ಪತ್ತೈದು ವರ್ಷ. ಮಧ್ಯಾಹ್ನದಿಂದ ಅಲ್ಲಿ ಕುಳಿತಿದ್ದನಂತೆ, ಯಾರಾದರೂ ಬಂದು ಎತ್ತಿ ಹಾಕಲೆಂದು. ನಾನು ಎರಡೂ ಕೊಡ ತುಂಬಿಕೊಟ್ಟೆ. ಹೆಸರು ಹೊಳಬಸಪ್ಪ ಎಂದು ಹೇಳಿ, ಒಂದನ್ನು ತಲೆಯ ಮೇಲೆ, ಒಂದನ್ನು ಹೆಗಲ ಮೇಲೆ ಇಟ್ಟುಕೊಂಡು, ಹನಿಯೂ ತುಳುಕದಂತೆ ನಡೆದುಹೋದ.

ಆರು ವರ್ಷಗಳ ತರುವಾಯ ಊರಿಗೆ ನಳದ ನೀರು ಬಂದಿತು. ಕೆರೆಯ ದಂಡೆಗೆ ಪಂಪು, ಶಾಲೆಯ ಹಿಂದೆ ಎತ್ತರದ ಟಾಕಿ, ಓಣಿ ಓಣಿಗೆ ಕೊಳವೆ. ಆ ಕೊಳವೆಗಳಿಗಾಗಿ ಎರೆಮಣ್ಣು ಅಗೆದವರಲ್ಲಿ ಹೊಳಬಸಪ್ಪನೂ ಒಬ್ಬ. ಯಾವ ಕೊಳವೆ ಎಲ್ಲಿ ತಿರುಗುತ್ತದೆ, ಯಾವ ಓಣಿಗೆ ಎಷ್ಟು ಸುತ್ತು ವಾಲ್ವ್ ಬಿಚ್ಚಿದರೆ ಕೊನೆಯ ಮನೆಗೆ ನೀರು ಮುಟ್ಟುತ್ತದೆ ಎಂಬುದು ಅವನಿಗೆ ಮಾತ್ರ ತಿಳಿದಿತ್ತು. ಅದನ್ನು ಯಾರೂ ಕಾಗದದ ಮೇಲೆ ಬರೆದಿಡಲಿಲ್ಲ. ಪಂಚಾಯಿತಿಯವರು ಬೇರೆ ಉಪಾಯವಿಲ್ಲದೆ ಅವನನ್ನೇ ನೀರು ಬಿಡುವ ಕೆಲಸಕ್ಕೆ ಹಚ್ಚಿಕೊಂಡರು. ಕೊಳವೆಯೊಳಗೆ ಹರಿದು ಬಂದ ನೀರಿಗೆ ಮೈಲಿಗೆ ಹತ್ತುವುದಿಲ್ಲವೆಂದು ಊರು ತನ್ನಷ್ಟಕ್ಕೆ ತಾನೇ ತೀರ್ಮಾನಿಸಿಕೊಂಡಿತು.

ಇಪ್ಪತ್ತೆಂಟು ವರ್ಷ ಅವನು ಆ ಕೆಲಸ ಮಾಡಿದ. ಓಣಿಗೊಂದು ಪಾಳಿ, ಎಂಟು ದಿನಕ್ಕೊಮ್ಮೆ ಒಂದು ತಾಸು. ಪಾಳಿ ತಪ್ಪಿಸಿದವನಲ್ಲ. ಕೆರೆಯ ಕಟ್ಟಳೆಯನ್ನು ನಳಕ್ಕೂ ನಡೆಸಿಕೊಂಡು ಬಂದ. ಬಳಕೆಗೆ ಬೋರಿನ ಸವಳು ನೀರು, ಕುಡಿಯಲು, ಅಡಿಗೆಗೆ ಮಾತ್ರ ನಳದ್ದು. ಒಮ್ಮೆ ಸಿದ್ಧಲಿಂಗಗೌಡರ ಆಳು ನಳಕ್ಕೆ ಪೈಪು ಹಚ್ಚಿ ಟ್ರ್ಯಾಕ್ಟರ್ ತೊಳೆಯುತ್ತಿದ್ದುದನ್ನು ಕಂಡು, ಗೌಡರ ಓಣಿಯ ವಾಲ್ವನ್ನೇ ಮುಚ್ಚಿಬಿಟ್ಟ. ಗೌಡರು ಮನೆಯ ಕಟ್ಟೆಯಿಂದ ಕೂಗಿದರೆ, “ಕುಡಿಯೋ ನೀರ್ರಿ ಗೌಡ್ರ. ಟ್ರ್ಯಾಕ್ಟರಿಗೆ ನೀರಡಿಕಿ ಆಗಿದ್ರ ಹೇಳ್ರಿ, ಬಿಡತೀನಿ,” ಎಂದ. ಊರೆಲ್ಲ ನಕ್ಕಿತು. ಗೌಡರೂ ನಕ್ಕರು. ನಾನು ಮಾರನೆಯ ದಿನ ತರಗತಿಯಲ್ಲಿ ಈ ಸಂಗತಿಯನ್ನು ಕರ್ತವ್ಯನಿಷ್ಠೆಗೆ ಉದಾಹರಣೆಯಾಗಿ ಹೇಳಿದ್ದೆ.

ಅವನ ಹೆಂಡತಿ ಸಣ್ಣವ್ವ. ಮೆಣಸಿನಕಾಯಿ, ಉಳ್ಳಾಗಡ್ಡಿಯ ಹೊಲಗಳಲ್ಲಿ ಕಳೆ ತೆಗೆಯುತ್ತ ಬಾಳು ಕಳೆದ ಹೆಣ್ಣುಮಗಳು. ಐವತ್ತು ದಾಟುವುದರೊಳಗೆ ಆಕೆಯ ಕೀಲುಗಳೆಲ್ಲ ಬಾತುಕೊಂಡವು. ಮೊದಲು ಬೆರಳು, ಆಮೇಲೆ ಮೊಣಕಾಲು. ಕಡೆಗೆ ಹಾಸಿಗೆಯಿಂದ ತಾನಾಗಿಯೇ ಏಳುವುದು ನಿಂತುಹೋಯಿತು. ನಾನು ನೋಡಲು ಹೋದಾಗ ಒಮ್ಮೆ ಹೇಳಿದಳು: “ಸಾಯೂದಕ್ಕ ಅಂಜಿಕಿ ಇಲ್ರಿ ಮಾಸ್ತರ. ಪಾಯಖಾನಿಗಿ ಎತಗೊಂಡು ಒಯ್ತಾನಲ್ರಿ ಇಂವ, ಅದಕ್ಕ ಸಾಯಂಗ ಆಗತೈತಿ.”

ಮಗಳು ಭಾಗ್ಯಾ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸು. ತಾಯಿಯನ್ನು ಹದಿನೈದು ದಿನ ತನ್ನ ಬಳಿ ಇಟ್ಟುಕೊಂಡು, ದಿನವೂ ಬಿಸಿನೀರಿನ ದೊಡ್ಡ ತೊಟ್ಟಿಯಲ್ಲಿ ಕೂರಿಸಿ ಕೈಕಾಲು ಆಡಿಸುವ ಚಿಕಿತ್ಸೆ ಕೊಡಿಸಿದಳು. ಹದಿಮೂರನೆಯ ದಿನ ಸಣ್ಣವ್ವ ಗೋಡೆ ಹಿಡಿದು ಎದ್ದು ನಿಂತಳು. ಆದರೆ ಊರಿಗೆ ಮರಳಿದ ತಿಂಗಳಲ್ಲಿ ಕಾಲು ಮತ್ತೆ ಮರಗಟ್ಟಿದವು. ದಿನಾ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿಬಂದರೆ ನೀರು ಕೊಟ್ಟದ್ದನ್ನು ರಸ್ತೆ ಕಸಿದುಕೊಳ್ಳುತ್ತಿತ್ತು. ಮನೆಯಲ್ಲಿಯೇ ಅಂಥ ಟಬ್ಬು ಇದ್ದರೆ ಆಕೆ ನಡೆಯಬಹುದು ಎಂದರು ಡಾಕ್ಟರರು. ಹಾಗೆ ೨೦೨೨ರ ದೀಪಾವಳಿ ಮುಗಿದ ಮೇಲೆ, ಕಾಗದ ಪತ್ರ ಓದಲಿಕ್ಕೆ ನನ್ನನ್ನೂ ಕರೆದುಕೊಂಡು, ಆ ಮನೆಯವರು ಹುಬ್ಬಳ್ಳಿಗೆ ಟಬ್ಬು ಕೊಳ್ಳಲು ಹೊರಟರು.

ಸಾಧಿಕ್ ಎಂಬ ಹುಡುಗಾಟದ ಸ್ವಭಾವದ ತರುಣನ ಅಂಗಡಿ. ಬಚ್ಚಲಮನೆಯ ಸಾಮಾನುಗಳನ್ನು ಮಾರುತ್ತಾನೆ. ಮೊದಲು ಬಣ್ಣದ ದೀಪಗಳಿದ್ದ ಒಂದು ಭಾರಿ ಟಬ್ಬು ತೋರಿಸಿದ.

“ಕಾಕಾ, ಆರು ಮಂದಿ ಆರಾಮ ಕುಂದ್ರಬಹುದು.”

“ಆರು ಮಂದಿ ಒಂದ ನೀರಾಗ?” ಎಂದ ಹೊಳಬಸಪ್ಪ. “ನಮ್ಮೂರಾಗ ಅದು ಆಗೂ ಮಾತಲ್ಲ ತಮ್ಮಾ. ಸಣ್ಣದು ತೋರಸು.”

ಸಣ್ಣದು ಮೂಲೆಯಲ್ಲಿತ್ತು. ಯಾವುದೋ ಹೋಟೆಲಿನವರು ಬೇಕೆಂದು ಹೇಳಿ ಒಯ್ಯದೆ ಬಿಟ್ಟದ್ದು. ಅದರಲ್ಲಿಯೇ ನೀರು ಕಾಯಿಸುವ ಯಂತ್ರ, ನೀರನ್ನು ಸೋಸಿ ತಿರುಗಿಸುವ ಪಂಪು. ಹೊಳಬಸಪ್ಪ ಮೊದಲು ನೆಲದ ಮೇಲೆ ಅಂಗಾತ ಮಲಗಿ ಅದರ ತಳ ನೋಡಿದ. ನೀರು ಹೊರಗೆ ಹೋಗುವ ತೂತಿಗೆ ಎರಡು ಬೆರಳು ಹಾಕಿ ಅಳೆದ. ಗೋಡೆಗಳನ್ನು ಬಾರಿಸಿ ಕಿವಿಗೊಟ್ಟ.

“ಕಾಕಾ, ಟಬ್ಬು ತಗೋತೀರೋ, ಎಮ್ಮಿ ತಗೋತೀರೋ?”

“ಎಮ್ಮಿ ಆಗಿದ್ರ ಹಲ್ಲು ನೋಡತಿದ್ದೆ. ಎಷ್ಟು ಕೊಡ ಹಿಡಿತದ ಇದು?”

“ಕೊಡದ್ದು ಗೊತ್ತಿಲ್ರಿ. ಏಳುನೂರೈವತ್ತು ಲೀಟರು.”

“ಐವತ್ತು ಕೊಡ,” ಎಂದ ಹೊಳಬಸಪ್ಪ, ಉಸಿರು ತೆಗೆಯುವುದರೊಳಗೆ.

ಭಾಗ್ಯಾ ತಾಯಿಯನ್ನು ನೀರಿಲ್ಲದ ಟಬ್ಬಿನಲ್ಲಿ ಕೂರಿಸಿದಳು. ಅಂಗಡಿಯ ಗಾಜಿನಾಚೆ ಹಾದಿಯ ಮಂದಿ ನಿಂತು ನೋಡತೊಡಗಿದರು. “ನನ್ನ ಲಗ್ನದಾಗೂ ಇಷ್ಟು ಮಂದಿ ನೋಡಿರಲಿಲ್ಲ,” ಎಂದು ಸಣ್ಣವ್ವ ಸೆರಗು ಮೋರೆಗೆ ಒತ್ತಿಕೊಂಡು ನಕ್ಕಳು. ಆದರೆ ಕೈ ಮಾತ್ರ ಟಬ್ಬಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅಂಚು ಆಕೆಯ ಎತ್ತರಕ್ಕೆ ಸರಿಯಾಗಿತ್ತು. ಅದನ್ನು ಹಿಡಿದು ಏಳಬಹುದಿತ್ತು. ಅದನ್ನು ಕಂಡೇ ಹೊಳಬಸಪ್ಪ, “ಇದ ಇರಲಿ,” ಎಂದ. ಬೆಲೆಯನ್ನು ಭಾಗ್ಯಾ ಕೊಟ್ಟಳು.

ಸಾಧಿಕ್ ಪ್ರಾಮಾಣಿಕ. ಸಾಮಾನು ಗಾಡಿಗೆ ಏರಿಸುವ ಮುನ್ನ ಎಚ್ಚರಿಸಿದ: “ಕಾಕಾ, ನಿಮ್ಮ ಕಡೀದು ಸವಳು ನೀರು. ಅದನ್ನ ಹಾಕಿದ್ರ ಕಾಯಿಸೋ ಕಾಯಿಲ್ ಎರಡು ತಿಂಗಳೂ ಬಾಳಂಗಿಲ್ಲ. ಕಂಪನಿಯವರು ಹೊಳ್ಳಿ ಸೈತ ನೋಡಂಗಿಲ್ಲ. ಸಿಹಿನೀರ ಬೇಕು.”

“ನೀರಿನ ಚಿಂತಿ ನೀ ಬಿಡು,” ಎಂದ ಹೊಳಬಸಪ್ಪ. “ನೀರು ಬಿಡಾಂವ ನಾನ ಅದೀನಿ.”

ಆ ಮಾತಿನಲ್ಲಿ ಸೊಕ್ಕಿರಲಿಲ್ಲ. ಇಪ್ಪತ್ತೆಂಟು ವರ್ಷ ಊರಿಗೆ ನೀರು ಕುಡಿಸಿದವನಿಗೆ ಊರು ಐವತ್ತು ಕೊಡ ನೀರಿಗೆ ಇಲ್ಲವೆನ್ನಲಾರದೆಂಬ ನಂಬಿಗೆ ಅದು. ಅವನು ಬಾಳಿನಲ್ಲಿ ಮಾಡಿದ ತಪ್ಪೆಂದರೆ ಇದೊಂದೇ ಎಂದು ನನಗೆ ತೋರುತ್ತದೆ.

ಹಿತ್ತಲಲ್ಲಿ ತಗಡಿನ ಚಪ್ಪರ ಹಾಕಿ ಟಬ್ಬು ಇಟ್ಟರು. ತುಂಬಿದ್ದು ತನ್ನ ಮನೆಯ ಪಾಳಿಯ ನೀರನ್ನೇ. ಕುಡಿಯಲು ಮಾತ್ರ ಬಸ್‌ಸ್ಟ್ಯಾಂಡಿನ ಶುದ್ಧ ನೀರಿನ ಘಟಕದಿಂದ ದುಡ್ಡು ಕೊಟ್ಟು ಕ್ಯಾನು ಹೊತ್ತು ತರುತ್ತಿದ್ದ. ಒಮ್ಮೆ ತುಂಬಿದರೆ ತಿಂಗಳು ನಡೆಯುತ್ತಿತ್ತು. ಸಣ್ಣವ್ವ ದಿನವೂ ಬೆಳಿಗ್ಗೆ ಅರ್ಧ ತಾಸು ಕೂರುವಳು. ಮೂರನೆಯ ವಾರ ತನ್ನ ತಲೆ ತಾನೇ ಬಾಚಿಕೊಂಡಳು. ಸಂಕ್ರಾಂತಿಯ ಹೊತ್ತಿಗೆ ಯಾರ ಕೈಯನ್ನೂ ಹಿಡಿಯದೆ ಹಿತ್ತಲಿಗೆ ಹೋಗಿ ಬಂದಳು. ನಾನು ಹೋದ ದಿನ ನನಗೆ ಎಳ್ಳು ಹಚ್ಚಿದ ರೊಟ್ಟಿಯನ್ನು ಆಕೆಯೇ ತಂದು ಕೊಟ್ಟಳು. “ಇದನ್ನ ಬಡದಾಕಿ ನಾ ಅಲ್ರಿ, ಬಾಜೂ ಮನಿಯಾಕಿ. ತಂದು ಕೊಟ್ಟಾಕಿ ಮಾತ್ರ ನಾನ,” ಎಂದಳು.

ಸುದ್ದಿ ಊರಲ್ಲಿ ಹರಡಿತು. ಮೊದಲು ನಗೆಚಾಟಿಕೆ: ಹೊಳಬಸ್ಯಾ ಹೆಂಡತಿಗೆ ದನ ನೀರು ಕುಡಿಯೋ ದೋಣಿ ತಂದಾನಂತ. ಆಮೇಲೆ ಬೇರೆ ಮಾತು: ನಾವು ಕುಡಿಯೋ ನೀರಾಗ ಆಕಿ ಕುಂದರತಾಳಂತ. ಅದಾದ ಮೇಲೆ, ಕುಂತೆದ್ದ ನೀರನ್ನು ತಿರುಗಿ ಕೊಳವೆಗೆ ಬಿಡುತ್ತಾನಂತೆ ಎಂಬ ಮಾತು. ನಳದೊಳಗೆ ನೀರು ಹಿಂದಕ್ಕೆ ಹೋಗದೆಂದು ನಾನು ಹತ್ತಾರು ಮಂದಿಗೆ ತಿಳಿಸಿ ಹೇಳಿದೆ. ಅವರಲ್ಲಿ ಅರ್ಧದಷ್ಟು ಮಂದಿ ನನ್ನಲ್ಲಿಯೇ ಕಲಿತವರು.

ಫೆಬ್ರವರಿಯಲ್ಲಿ ಪಂಚಾಯಿತಿ ಸಭೆಗೆ ಅವನನ್ನು ಕರೆಸಿದರು. ಹಿರಿಯನೆಂದು ನನ್ನನ್ನೂ ಕೂರಿಸಿದ್ದರು. ಸಿದ್ಧಲಿಂಗಗೌಡರೇ ಆಗ ಅಧ್ಯಕ್ಷರು.

“ಹೊಳಬಸ್ಯಾ, ನನ್ನ ಟ್ರ್ಯಾಕ್ಟರ್ ತೊಳದಾಗ ಏನಂದಿದ್ದಿ? ಕುಡಿಯೋ ನೀರು ಅಂದಿದ್ದಿಲ್ಲೋ?”

“ಅಂದಿದ್ದೆರಿ.”

“ಈಗ ಕುಡಿಯೋ ನೀರಾಗ ಏನು ತೊಳಿಯಾಕತ್ತೀಪಾ?”

ಸಭೆ ನಕ್ಕಿತು. ಹೊಳಬಸಪ್ಪ ನಗು ನಿಲ್ಲುವತನಕ ಕಾದ.

“ನನ್ನ ಪಾಳಿ ನೀರ್ರಿ ಗೌಡ್ರ. ನಾವು ಕುಡಿಯೂದು ಕ್ಯಾನಿನ ನೀರು. ಒಂದು ಕೊಡ ಹೆಚ್ಚಿಗಿ ತಗೊಂಡಿದ್ರ ಈ ಕೈ ಕಡೀರಿ. ಆಕಿ ಈಗ ನಡೀತಾಳ್ರಿ.”

“ಆಕಿ ನಡೀಲಿ, ಓಡಲಿ, ಯಾರು ಬ್ಯಾಡಂದಾರ? ಮಂದಿ ಹೇಸಿಕೊಳ್ತಾರಲೇ. ನಾಕು ಮನಿಯವರು ನಳದ ನೀರು ಕುಡಿಯೂದ ಬಿಟ್ಟಾರ. ನೀರು ಬಿಡಾವನ ಮನ್ಯಾಗ ಹಿಂಗಾದ್ರ ಹೆಂಗ? ಟಬ್ಬು ಬೇಕೋ, ಕೀಲಿ ಬೇಕೋ, ಒಂದು ಹೇಳು.”

ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಆಗಲೂ ಅವನ ಹೆಗಲ ಮೇಲಿತ್ತು. ನನ್ನ ಕಡೆಗೆ ನೋಡಿದ. “ಇಬ್ಬರೂ ಒಂದೀಟು ತಾಳಿಕೊಂಡರೆ ಒಳ್ಳೆಯದು,” ಎಂದೆ ನಾನು. ಮೂವತ್ತು ವರ್ಷ ಕಲಿಸಿದ ಬಾಯಿಯಿಂದ ಆ ದಿನ ಹೊರಟದ್ದು ಅಷ್ಟೇ. ಹೊಳಬಸಪ್ಪ ಕೀಲಿಯನ್ನು ಮೇಜಿನ ಮೇಲೆ, ಸಪ್ಪಳವಾಗದಂತೆ ಇಟ್ಟು, ಹೊರಗೆ ನಡೆದ.

ಕೀಲಿ ಬಿಟ್ಟರೂ ಪಾಳಿಯ ನೀರು ಎಲ್ಲಿ ಹೋಗುತ್ತದೆ ಎಂದುಕೊಂಡಿದ್ದ. ಹೊಸದಾಗಿ ಬಂದವನು ಗೌಡರ ಆಳು, ಟ್ರ್ಯಾಕ್ಟರ್ ತೊಳೆದವನೇ. ಹೊಳಬಸಪ್ಪನ ಓಣಿಗೆ ಒಂದು ತಾಸಿನ ಬದಲು ಹತ್ತು ನಿಮಿಷ ನೀರು ಬರತೊಡಗಿತು. ಗೌಡರು ಬೈದದ್ದನ್ನು ಹೊಳಬಸಪ್ಪ ತಡೆದುಕೊಂಡಿದ್ದ. ಆದರೆ ಒಂದು ದಿನ ಸ್ವಂತ ಓಣಿಯ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಬಂದು ಬಾಗಿಲಲ್ಲಿ ನಿಂತರು. “ನಿಮ್ಮ ಟಬ್ಬಿನ ಸಲುವಾಗಿ ನಮ್ಮ ಮಕ್ಕಳು ಸವಳು ಕುಡಿಯಬೇಕೇನೋ ಯಣ್ಣಾ?” ಎಂದು ಕೇಳಿದರು. ಆ ದಿನದಿಂದ ತನ್ನ ಪಾಳಿಯ ನೀರನ್ನು ಅವರ ಕೊಡಗಳಿಗೆ ಹಾಕಿ, ಟಬ್ಬಿಗೆ ಬೋರಿನ ನೀರು ತುಂಬಿದ. ಸಾಧಿಕ್ ಹೇಳಿದ ಲೆಕ್ಕ ತಪ್ಪಲಿಲ್ಲ. ನಲವತ್ತೊಂದನೆಯ ದಿನ ನೀರು ಕಾಯುವುದು ನಿಂತಿತು. ಸಾಧಿಕ್ ತಾನೇ ಬಂದು ಬಿಚ್ಚಿ ನೋಡಿದ. ಕಾಯಿಲಿನ ಮೇಲೆ ಬೆರಳು ಗಾತ್ರದ ಬಿಳಿ ಉಪ್ಪಿನ ಹೊಪ್ಪಳೆ ಕಟ್ಟಿತ್ತು. ತಿರುಗಿ ಮುಚ್ಚಿದ. ಚಹಾ ಕೊಟ್ಟರೂ ಕುಡಿಯಲಿಲ್ಲ.

ಭಾಗ್ಯಾ ಊರಿನವರ ಮೇಲೆ ಪೊಲೀಸರಿಗೆ ದೂರು ಕೊಡುತ್ತೇನೆಂದು ಕುದಿದಳು. “ಕೇಸು ಹಾಕಿದ್ರ ನೀರು ಕಾಯ್ತದೇನವಾ?” ಎಂದು ಅವಳ ತಂದೆ ಕೇಳಿದ. ಸಣ್ಣವ್ವ ಮಳೆಗಾಲದೊಳಗೆ ಮತ್ತೆ ಹಾಸಿಗೆ ಹಿಡಿದಳು.

ಈಗ ಅವನಿಗೆ ಅರವತ್ತೆರಡು. ದಿನವೂ ನಸುಕಿನಲ್ಲಿ ಹತ್ತಿಕಟ್ಟಿಗೆಯ ಹೊರೆ ಬಿಚ್ಚಿ, ಹಿತ್ತಲಲ್ಲಿ ಎರಡು ಹಂಡೆಗಳಿಗೆ ಉರಿ ಹಾಕುತ್ತಾನೆ. ಕಾದ ಸವಳು ನೀರನ್ನು ಬಕೀಟಿನಿಂದ ಟಬ್ಬಿಗೆ ಸುರಿಯುತ್ತಾನೆ. ಟಬ್ಬು ತುಂಬುವುದಿಲ್ಲ, ಸಣ್ಣವ್ವನ ಸೊಂಟ ಮುಳುಗುವಷ್ಟಾಗುತ್ತದೆ. ಕಾಲು ಗಂಟೆಯಲ್ಲಿ ಆರಿಹೋಗುತ್ತದೆ. ವಾರದಲ್ಲಿ ಎರಡು ದಿನ ಆಕೆ ಅಂಚು ಹಿಡಿದು ತಾನೇ ಏಳುತ್ತಾಳೆ. ಉಳಿದ ದಿನ ಅವನು ಎತ್ತಿಕೊಳ್ಳುತ್ತಾನೆ.

ಊರಲ್ಲಿ ಈಗ ನೀರಿನ ಗೋಳು ಬಹಳ. ಎಲ್ಲಿಯೋ ನೆಲದೊಳಗೆ ಕೊಳವೆ ಒಡೆದಿದೆ, ಎಲ್ಲಿ ಎಂಬುದು ಯಾರಿಗೂ ತಿಳಿಯದು. ಹೋದ ಸೋಮವಾರ ನಾನು ಅವನ ಮನೆಯಲ್ಲಿ ಕುಳಿತಿದ್ದಾಗ ಗೌಡರು ಕಳಿಸಿದ ಇಬ್ಬರು ಬಂದು ಹಿತ್ತಲ ಗೋಡೆಯಾಚೆ ನಿಂತು, “ಹೊಳಬಸಪ್ಪಣ್ಣಾರ, ಆ ಮೂರನೇ ವಾಲ್ವ್ ಎಲ್ಲಿ ಬರ್ತದ್ರಿ?” ಎಂದು ಕೇಳಿದರು. ಅವನು ತಲೆಯೆತ್ತಲಿಲ್ಲ.

“ನೆಪ್ಪಿಲ್ರಿ,” ಎಂದು ಹೇಳಿ, ಇನ್ನೊಂದು ಹಿಡಿ ಕಟ್ಟಿಗೆಯನ್ನು ಒಲೆಗೆ ಒಟ್ಟಿದ.