ಹಗಲಿನ ಏರಿಕೆ

ಲ್ಯಾಬಿನ ಕಿಟಕಿಗೆ ಬಣ್ಣ ಬಳಿಯುವವರು ಹೊರಗೆ ಏಣಿ ಹಾಕಿದಾಗ ಅವಳು ಮಾಡಿದ್ದು ಇಷ್ಟೇ: ಹನಿ ಸಿಡಿಯದಿರಲೆಂದು ಮೇಜಿನ ಮೇಲಿದ್ದ ಉಪಕರಣಕ್ಕೆ ದಪ್ಪನೆಯ ಕರಿ ಕಂಬಳಿ ಹೊದಿಸಿದಳು. ಪಕ್ಕದ ಕಂಪ್ಯೂಟರ್ ಪರದೆಯಲ್ಲಿ ಎಣಿಕೆ ಇಳಿಯತೊಡಗಿತು. ನಡುಮಧ್ಯಾಹ್ನದಲ್ಲಿ ಅದು ರಾತ್ರಿಯ ಮಟ್ಟಕ್ಕೆ ಬಂದು ನಿಂತಿತು. ಕಂಬಳಿ ಎತ್ತಿದಳು, ಏರಿತು. ಮತ್ತೆ ಹೊದಿಸಿದಳು, ಇಳಿಯಿತು.

ಮೂರನೆಯ ಸಲವೂ ಅದೇ ಆಯಿತು.

ಮನೆಯಲ್ಲೂ ಲ್ಯಾಬಿನಲ್ಲೂ ಅವಳನ್ನು ಕರೆಯುವುದು ಗುಬ್ಬಿ ಎಂದೇ. ಭೌತಶಾಸ್ತ್ರದ ಬಿ.ಎಸ್ಸಿ. ಎರಡನೆಯ ವರ್ಷ ಮುಗಿಸಿದವಳು. ಪದವಿಯ ಹುಡುಗರಿಗೂ ಸಂಶೋಧನೆಯ ರುಚಿ ಹತ್ತಲಿ ಎಂದು ವಿಭಾಗದವರು ರಜೆಯಲ್ಲಿ ಇಬ್ಬರನ್ನು ಲ್ಯಾಬಿಗೆ ಸೇರಿಸಿಕೊಳ್ಳುತ್ತಾರೆ. ರಜೆಯ ಕೊನೆಗೆ ಇಬ್ಬರೂ ಅಧ್ಯಾಪಕರ ಮುಂದೆ ತಮ್ಮ ಕೆಲಸ ವಿವರಿಸಬೇಕು. ಕೊನೆಯ ವರ್ಷವಿಡೀ ಲ್ಯಾಬಿನಲ್ಲಿ ಉಳಿಯುವ ಅವಕಾಶ ಒಬ್ಬರಿಗೆ ಮಾತ್ರ. ಆಸ್ಪತ್ರೆಯ ಬಟ್ಟೆ ಇಸ್ತ್ರಿ ಮಾಡುವ ಅಮ್ಮನೊಂದಿಗೆ ಮೊದಲೇ ಮಾತಾಗಿತ್ತು: ಆ ಜಾಗ ಸಿಕ್ಕರೆ ಎಂ.ಎಸ್ಸಿ., ಇಲ್ಲವಾದರೆ ಡಿಗ್ರಿ ಮುಗಿದ ಕೂಡಲೇ ಕೆಲಸ.

ಗುಬ್ಬಿಯ ಪಾಲಿಗೆ ಬಂದದ್ದು ಆಕಾಶದಿಂದ ಸುರಿಯುವ ಸೂಕ್ಷ್ಮ ಕಣಗಳ ಎಣಿಕೆ. ಕಣ ಹಾದುಹೋದಾಗ ಒಂದು ಪ್ಲಾಸ್ಟಿಕ್ ಹಲಗೆ ಕ್ಷಣಮಾತ್ರ ಮಿನುಗುತ್ತದೆ. ಆ ಮಿನುಗನ್ನು ಯಂತ್ರ ಎಣಿಸುತ್ತದೆ. ಹೊರಗಿನ ಬೆಳಕು ಒಳಗೆ ನುಸುಳದಂತೆ ಹಲಗೆಗೆ ಕರಿ ಟೇಪು ಸುತ್ತಬೇಕು. ಸುತ್ತಿದ್ದು ಅವಳೇ. ಎರಡನೆಯ ವಾರದಿಂದ ಹಗಲಲ್ಲಿ ಎಣಿಕೆ ಏರುವುದು ಕಂಡಿತು. ಸೂರ್ಯನ ಪ್ರಭಾವವಿರಬಹುದೆಂದು ಅವಳು ಬರೆದಳು. ಗ್ರಾಫು ಅಲೆಯಂತೆ ಏರಿಳಿಯುತ್ತಿತ್ತು. ಅಮ್ಮ ಲಾಂಡ್ರಿಯಲ್ಲೆಲ್ಲ ಸುದ್ದಿ ಹಬ್ಬಿಸಿದ್ದಳು.

ಈಗ ಕಿಟಕಿಯ ಪರದೆ ಎಳೆದು, ಟಾರ್ಚ್ ಹಿಡಿದು ಹಲಗೆಯ ಅಂಚಿನುದ್ದಕ್ಕೂ ಬೆಳಕು ಬಿಡುತ್ತಾ ಬಂದಳು. ತಂತಿ ಹೊರಬರುವ ಮೂಲೆಯಲ್ಲಿ ಎಣಿಕೆ ಒಮ್ಮೆಲೇ ಜಿಗಿಯಿತು. ಸುಕ್ಕಿಲ್ಲದೆ ನೀಟಾಗಿ ಕಾಣಲೆಂದು ಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿದ್ದಳು. ಹಾಗೆ ಎಳೆದ ಟೇಪು ದಿನ ಕಳೆದಂತೆ ಹಿಂದಕ್ಕೆ ಸರಿಯುತ್ತದೆ. ಸರಿದ ಜಾಗದಲ್ಲಿ ಕೂದಲೆಳೆಯಷ್ಟು ಸಂದು.

ತಿಂಗಳ ಕೆಲಸ ನೀರುಪಾಲಾಗಿತ್ತು. ವಿವರಿಸುವ ದಿನ ನಾಳಿದ್ದು. ಬೇರೆ ಯಾರಿಗೂ ಇದು ಗೊತ್ತಿಲ್ಲ. ಕಂಬಳಿ ಮಡಿಚಿ ಕಪಾಟಿನಲ್ಲಿಟ್ಟಳು. ಆಮೇಲೆ ಲ್ಯಾಬಿನ ಮುಖ್ಯಸ್ಥೆಯ ಕೋಣೆಗೆ ಹೋದಳು.

"ಮೇಡಂ, ಹಗಲು ಏರ್ತಿದ್ದದ್ದು ಆಕಾಶದಿಂದ ಅಲ್ಲ. ನಾನು ಸುತ್ತಿದ ಟೇಪಿಂದ."

ಮೇಡಂ ಬಂದು ತಾವೇ ಟಾರ್ಚ್ ಹಿಡಿದು ನೋಡಿದರು.

"ನಾನೂ ಮೊದಲೇ ನೋಡ್ಬೇಕಿತ್ತು ಗುಬ್ಬಿ. ಗ್ರಾಫ್ ಅಷ್ಟು ಚೆನ್ನಾಗಿತ್ತಲ್ಲ, ಮರುಳಾದೆ."

"ನಾಳಿದ್ದು ಏನು ಹೇಳ್ಲಿ?"

"ಇರೋದನ್ನ ಹೇಳು. ಆದ್ರೆ ಆರಿಸೋದು ನಾನೊಬ್ಬಳೇ ಅಲ್ಲ, ಅದು ನೆನಪಿರ್ಲಿ."

ಮನೆಯಲ್ಲಿ ಅಮ್ಮ ತಟ್ಟೆ ಇಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಹಾಗಾದ್ರೆ ಮೇಲಿಂದ ಏನೂ ಬೀಳ್ತಿಲ್ವೇನೇ?"

"ಬೀಳ್ತಿದೆ ಅಮ್ಮಾ. ಹಗಲೂ ರಾತ್ರಿನೂ ಹೆಚ್ಚುಕಮ್ಮಿ ಒಂದೇ ಸಮ."

"ಇಷ್ಟು ಹೇಳೋಕೆ ಇಡೀ ರಜೆ ಬೇಕಾಯ್ತಾ?"

ಗುಬ್ಬಿಗೆ ನಗು ಬಂತು. ಅಮ್ಮ ನಗಲಿಲ್ಲ. ಲಾಂಡ್ರಿಯವರಿಗೆ ಏನು ಹೇಳಲಿ ಎಂದೂ ಕೇಳಲಿಲ್ಲ. ಅನ್ನ ಬಡಿಸಿ ಪಕ್ಕದಲ್ಲೇ ಕುಳಿತಳು.

ವಿವರಿಸುವ ದಿನ ಗುಬ್ಬಿ ಅಧ್ಯಾಪಕರಿಗೆ ಮೊದಲು ಅಲೆಯಂಥ ಗ್ರಾಫನ್ನು ತೋರಿಸಿದಳು. ನಂತರ ಕಂಬಳಿ ಹೊದಿಸಿದಾಗ, ತೆಗೆದಾಗ ಬಂದ ಎಣಿಕೆಯನ್ನು. ಹಿರಿಯ ಅಧ್ಯಾಪಕರೊಬ್ಬರು ಈ ಪರೀಕ್ಷೆಯನ್ನು ಮೊದಲ ವಾರದಿಂದಲೇ ಆಗಾಗ ಯಾಕೆ ಮಾಡಲಿಲ್ಲ ಎಂದು ಕೇಳಿದರು. ಫಲಿತಾಂಶ ಇಷ್ಟವಾಗಿತ್ತು, ಅನುಮಾನ ಬರಲಿಲ್ಲ ಎಂದಳು. ಅವರು ತಲೆಯಾಡಿಸಿ ಏನನ್ನೋ ಗುರುತು ಹಾಕಿಕೊಂಡರು. ಅವಳ ನಂತರ ಮಾತನಾಡಿದ, ಅವಳೊಂದಿಗೇ ಲ್ಯಾಬಿಗೆ ಸೇರಿದ್ದ ಸಹಪಾಠಿ ಗಾಜಿನ ಮೇಲೆ ಲೋಹದ ತೆಳುಪದರ ಕೂರಿಸಿದ್ದ. ಅವನ ಅಳತೆಗಳಲ್ಲಿ ಯಾರಿಗೂ ತಪ್ಪು ಸಿಗಲಿಲ್ಲ.

ಸಂಜೆ ಮೇಡಂ ಅವಳನ್ನು ಕರೆದು ತಾವೇ ತಿಳಿಸಿದರು. ಜಾಗ ಸಹಪಾಠಿಗೆ ಸಿಕ್ಕಿತ್ತು. ಇನ್ನು ಮುಂದೆ ಎಣಿಕೆಯನ್ನೂ ಅವನೇ ನೋಡಿಕೊಳ್ಳುವುದರಿಂದ, ಸೋಮವಾರ ಬೆಳಿಗ್ಗೆ ಗುಬ್ಬಿ ಆ ಯಂತ್ರವನ್ನು ಅವನಿಗೆ ಒಪ್ಪಿಸಬೇಕು.