ವಾಚಿನ ಬೆನ್ನಿಗೆ ಮೆತ್ತಿದ ಬಣ್ಣ

‘ಈ ವಾಚು ಫೇಕ್. ಹಿಂಬದಿಯಲ್ಲಿ ಕಂಪನಿಯ ಮುದ್ರೆ ಇಲ್ಲ. ಕೆಂಪು, ಹಳದಿ ಬಣ್ಣ ಮೆತ್ತಿ ಮುಚ್ಚಿದ್ದಾರೆ.’

ಹುಣಸೂರು ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ ಕೂತು, ಮುಂಬೈಯಿಂದ ಬಂದ ಈ ಇ-ಮೇಲನ್ನು ನನ್ನ ಸೋದರಮಾವನಿಗೆ ಕನ್ನಡದಲ್ಲಿ ಹೇಳಿದೆ. (ಹೇಳುವ ಮೊದಲೇ ಅವರ ಮುಖ ಸಣ್ಣಗಾಗಿತ್ತು. ‘ಫೇಕ್’ ಅರ್ಥವಾಗಲು ಯಾವ ಇಂಗ್ಲಿಷ್ ಬೇಕು?)

ಹನಗೋಡಿನ ನಮ್ಮ ಮಾವ ಕೊಡಗಿನ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆಯುವ ಕೆಲಸ. ಒಂದು ಬೇಸಿಗೆಯಲ್ಲಿ ಕಾಡಿನ ಬೆಂಕಿ ತೋಟಕ್ಕೆ ನುಗ್ಗಿದಾಗ ಆಳುಗಳ ಜೊತೆ ನಿಂತು ಹಸಿ ಸೊಪ್ಪಿನಲ್ಲಿ ಬಡಿದು ಆರಿಸಿದರಂತೆ. ಸಾಹುಕಾರರು ತಮ್ಮ ಕೈಯ ಚಿನ್ನದ ಸ್ವಿಸ್ ವಾಚನ್ನು ಬಿಚ್ಚಿ ಮಾವನ ಕೈಗೆ ಕಟ್ಟಿದರಂತೆ. ಇಪ್ಪತ್ತೈದು ವರ್ಷಗಳಿಂದ ನಮ್ಮ ಮನೆಯ ಪ್ರತಿ ಮದುವೆ, ನಾಮಕರಣದಲ್ಲೂ ಮಾವ ಹೇಳಿದ ಕಥೆ ಇದು.

ಈಗ ಆ ವಾಚನ್ನು ಮಾರುವ ಆಲೋಚನೆಯೂ ಅವರದೇ. ಅತ್ತೆಯನ್ನು ಒಮ್ಮೆ ವಿಮಾನ ಹತ್ತಿಸಬೇಕು! ಅರವತ್ತು ದಾಟಿದರೂ ಅತ್ತೆ ವಿಮಾನದ ಸದ್ದು ಕೇಳಿದರೆ ಒಲೆ ಮೇಲಿನ ಹಾಲು ಬಿಟ್ಟು ಅಂಗಳಕ್ಕೆ ಓಡುತ್ತಾರೆ.

ದುಬಾರಿ ಹಳೆಯ ವಾಚುಗಳನ್ನು ಮಾರುವ ವೆಬ್‌ಸೈಟಿಗೆ ಫೋಟೊ ಹಾಕಿದೆ, ಮುಂಭಾಗದ್ದು ಮಾತ್ರ. (ಮದುವೆ ಗಂಡಿನ ಫೋಟೊವನ್ನು ಬೆನ್ನ ಕಡೆಯಿಂದ ತೆಗೆಯುತ್ತಾರೆಯೇ?) ಪುಣೆಯವರೊಬ್ಬರು ಕೊಳ್ಳಲು ಒಪ್ಪಿದರು. ಅಸಲಿಯೋ ನಕಲಿಯೋ ನೋಡಲು ವಾಚು ಮೊದಲು ವೆಬ್‌ಸೈಟಿನವರ ಮುಂಬೈ ಪರೀಕ್ಷಕರ ಕೈಗೆ ಹೋಯಿತು. ಬಂದದ್ದು ಈ ಇ-ಮೇಲ್.

‘ಬುಡ್ಲಾ, ಸಾವ್ಕಾರ್ರಿಗೂ ಯಾರೋ ಟೋಪಿ ಹಾಕಿರ್ಬೇಕು’ ಅಂದರು ಮಾವ. ಅಷ್ಟು ಅಂದವರು ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ವಿಮಾನ ತಪ್ಪಿದ್ದಕ್ಕಿಂತ ಸಾಹುಕಾರರು ಬೇಕೆಂದೇ ಡೂಪ್ಲಿಕೇಟ್ ಕೊಟ್ಟರೇನೋ ಎಂಬ ಅನುಮಾನ ಅವರನ್ನು ತಿನ್ನುತ್ತಿತ್ತು.

ಐದನೆಯ ದಿನ ಅವರನ್ನು ರಶೀದ್ ಸಾಬರ ಅಂಗಡಿಗೆ ಎಳೆದೊಯ್ದೆ. ಹುಣಸೂರಿನ ಪೇಟೆಯಲ್ಲಿ ವಾಚ್ ರಿಪೇರಿ ಮಾಡುವ ಸಾಬರೇ ಮೊದಲಿನಿಂದಲೂ ಆ ವಾಚಿನ ಡಾಕ್ಟರು. ವಿಷಯ ಕೇಳಿದವರೇ ಕೈಯಲ್ಲಿದ್ದ ಟೀ ಚೆಲ್ಲುವಷ್ಟು ನಕ್ಕರು.

‘ಅಯ್ಯೋ ರೈಟ್ರೇ, ಅದು ಬಣ್ಣ ಅಲ್ಲ ಕಣ್ರೀ! ನಿಮ್ಮನೆ ಅಮ್ಮಾವ್ರು ಆಯುಧಪೂಜೇಲಿ ಇಡೋ ಅರಿಶಿನ ಕುಂಕುಮ! ಮುಂದೆ ಇಟ್ರೆ ಟೈಮ್ ಕಾಣಲ್ಲ ಅಂತ ಹಿಂದೆ ಇಡ್ತಾರೆ. ರಿಪೇರಿಗೆ ತಂದಾಗ ಒರೆಸಾಕೆ ಹೋದ್ರೆ, ಒಳಗೆ ಏನಾರ ಮಾಡ್ಕೊಳಿ ಸಾಬ್ರೇ, ಕುಂಕುಮ ಮಾತ್ರ ಮುಟ್ಬ್ಯಾಡಿ ಅಂತಿದ್ರು. ನಾನು ಮುಟ್ಟೇ ಇಲ್ಲ!’

ನಮ್ಮ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಮಿಕ್ಸಿ, ಟೀವಿ, ಹೊಲಿಗೆ ಮೆಷಿನ್, ಸೈಕಲ್ಲು, ಎಲ್ಲದರ ಮೇಲೂ ಅತ್ತೆಯ ಬೊಟ್ಟು ಇರುವ ಮನೆಯಲ್ಲಿ ಇನ್ನೊಂದು ಬೊಟ್ಟನ್ನು ಯಾರು ಗಮನಿಸುತ್ತಾರೆ? ಎಣ್ಣೆಯಲ್ಲಿ ಕಲಸಿದ ಇಪ್ಪತ್ತೈದು ದಸರಾಗಳ ಕುಂಕುಮ ಒಂದರ ಮೇಲೊಂದು ಕೂತು ಗಟ್ಟಿಯಾಗಿತ್ತು.

ಸಾಬರು ನನ್ನ ಮೊಬೈಲ್ ಕಸಿದುಕೊಂಡು ಮುಂಬೈಗೆ ಹಿಂದಿಯಲ್ಲಿ ಜಾಡಿಸಿದರು: ‘ಬ್ರಶ್ ತಗೊಳ್ಳಿ, ಪೆಟ್ರೋಲಲ್ಲಿ ಅದ್ದಿ ಉಜ್ಜಿ. ನಾನು ಲೈನಲ್ಲೇ ಇರ್ತೀನಿ!’ ಆ ಕಡೆಯ ಪರೀಕ್ಷಕರು ಉಜ್ಜಿದರು. (ಕಾಲ್ ಚಾರ್ಜ್ ನನ್ನದು.) ಸ್ವಲ್ಪ ಹೊತ್ತಿಗೆ ಸಣ್ಣ ಧ್ವನಿಯಲ್ಲಿ ಉತ್ತರ ಬಂತು. ಮುದ್ರೆ ಇದೆ, ನಂಬರೂ ಇದೆ. ವಾಚು ಅಸಲಿ.

ಸಾಬರು ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಟೀ ಹೇಳಿದರು. ಮಾವ ನಗುತ್ತಲೇ ಕಣ್ಣೊರೆಸಿಕೊಂಡರು. ‘ನಾಕ್ ದಿನ ಆ ಪುಣ್ಯಾತ್ಮನ್ನ ಮನಸ್ನಲ್ಲೇ ಬೈದ್ಬುಟ್ನಲ್ಲಲಾ!’

ವಾಚು ಪುಣೆಯವರಿಗೆ ಹೋಯಿತು, ಆ ದುಡ್ಡಿನಲ್ಲಿ ಅತ್ತೆಗೆ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿದೆ. ವಾಚು ಅಸಲಿ ಎಂದು ಮುಂಬೈಯಿಂದ ಸರ್ಟಿಫಿಕೇಟೂ ಬಂದಿದೆ. ಅದೆಲ್ಲ ಸರಿ. ಒಂದೇ ಒಂದು ಇ-ಮೇಲಿಗೆ ಅಲುಗಾಡಿತಲ್ಲ ನಮ್ಮ ಇಪ್ಪತ್ತೈದು ವರ್ಷದ ನಂಬಿಕೆ, ಅದನ್ನು ಯಾವ ಪರೀಕ್ಷಕರಿಗೆ ಕಳಿಸೋಣ?